ಮುಟ್ಟಬೇಡ ಎಂದ ಬೆಳಿಗ್ಗೆ

ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ನಾನು ನಂಜನಗೂಡಿನಲ್ಲಿ ತಂಗಿಯ ಮನೆಯ ತಾರಸಿಯ ಮೆಟ್ಟಿಲು ಹತ್ತುತ್ತಿದ್ದೆ. ನಮ್ಮೂರು ತಿ. ನರಸೀಪುರಕ್ಕೆ ಹೋಗುವ ಬಸ್ಸು ತಪ್ಪೀತೆಂದು ಆಗಷ್ಟೇ ಮೊಬೈಲ್ ನೋಡಿಕೊಂಡಿದ್ದರಿಂದ ಹೊತ್ತು ನೆನಪಿದೆ. ಎರಡು ದಿನಕ್ಕೆಂದು ಚಿಕ್ಕಮ್ಮನ ಮನೆಗೆ ಬಂದ ಮಗಳು ವಾರವಾದರೂ ವಾಪಸಾಗಿರಲಿಲ್ಲ. ಫೋನ್ ಮಾಡಿದರೆ, "ಇನ್ನೊಂದಿನ ಅಮ್ಮಾ" ಎನ್ನುತ್ತಿದ್ದಳು. ಕೊನೆಗೆ ಹಿಂದಿನ ಸಂಜೆ ನಾನೇ ಕರೆದೊಯ್ಯಲು ಬಂದಿದ್ದೆ.

ತಂಗಿಗೆ ಮಕ್ಕಳಿಲ್ಲ. ಅದನ್ನು ನೆನೆದು ಸುಮ್ಮನಿರಬೇಕು ಎಂದು ಪ್ರತಿಸಲ ಅಂದುಕೊಳ್ಳುತ್ತೇನೆ. ಆಗುವುದಿಲ್ಲ. ಆ ಸಂಜೆ ನಾನು ಒಳಗೆ ಕಾಲಿಟ್ಟಾಗ ಮಗಳು ತಲೆ ಎತ್ತಿ, "ಬಂದ್ಯಾ" ಎಂದು ಮತ್ತೆ ತಗ್ಗಿಸಿದಳು. ನೆಲದ ಮೇಲೆ ಕಾಗದದ ಚೂರು, ಚಾಕೊಲೇಟಿನ ಬೇಗಡೆಯ ಚೂರು. ತಂಗಿ ಬಾಚಣಿಗೆಯನ್ನು ತನ್ನ ಒಣಗೂದಲಲ್ಲಿ ಎಳೆದೆಳೆದು ಅವುಗಳ ಮೇಲೆ ಹಿಡಿಯುತ್ತಿದ್ದಳು. ಎರಡೂ ಜಿಗಿದು ಮೇಲೇರುತ್ತಿದ್ದವು. ಬೇಗಡೆ ತಗುಲಿದ ಕೂಡಲೇ ಸಿಡಿದು ದೂರ ಬೀಳುತ್ತಿತ್ತು, ಕಾಗದ ಅಂಟಿಕೊಂಡೇ ಇರುತ್ತಿತ್ತು.

"ನೋಡೇ ಪುಟ್ಟಿ, ಬೇಗಡೆಗೆ ಅವಸರ, ಮುಟ್ಟಿತು ಓಡಿತು. ಕಾಗದ ಸೋಮಾರಿ, ಅಲ್ಲೇ ಕೂತಿದೆ."

ಮಗಳು ಬಿದ್ದು ಬಿದ್ದು ನಗುತ್ತಿದ್ದಳು. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದವಳು ನಾನು. "ಹಾಗಲ್ಲ ಕಣೇ" ಎಂದು ಶುರು ಮಾಡಿದೆ. ಬೇಗಡೆ, ಕಾಗದ ಎರಡರಲ್ಲೂ ಧನ, ಋಣ ವಿದ್ಯುತ್ತು ಸಮಸಮ ಇರುತ್ತದೆ. ಉಜ್ಜಿದ ಬಾಚಣಿಗೆ ಹತ್ತಿರ ಬಂದಾಗ ಬೇಗಡೆಯ ಎಲೆಕ್ಟ್ರಾನುಗಳು ಆಚೆ ತುದಿಗೆ ಓಡಿಬಿಡುತ್ತವೆ. ಕಾಗದದಲ್ಲಿ ಓಡಲು ದಾರಿಯಿಲ್ಲ, ಇದ್ದ ಜಾಗದಲ್ಲೇ ತುಸು ವಾಲುತ್ತವೆ. ಎರಡರಲ್ಲೂ ವಿರುದ್ಧ ವಿದ್ಯುತ್ತಿನ ಬದಿ ಬಾಚಣಿಗೆಗೆ ಹತ್ತಿರವಾಗುತ್ತದೆ, ಹತ್ತಿರದ ಸೆಳೆತವೇ ಗೆಲ್ಲುತ್ತದೆ. ಮುಟ್ಟಿದ ಮೇಲೆ ಬೇಗಡೆಗೆ ಬಾಚಣಿಗೆಯದೇ ವಿದ್ಯುತ್ತು ಹರಿದು ಅದು ದೂರ ಸಿಡಿಯುತ್ತದೆ, ಕಾಗದಕ್ಕೆ ಅಷ್ಟು ಬೇಗ ಹರಿಯುವುದಿಲ್ಲ.

"ಅಮ್ಮಾ, ಚಿಕ್ಕಮ್ಮ ಆಟ ಆಡಿಸ್ತಿದಾಳೆ. ನೀನು ಪಾಠ ಮಾಡ್ಬೇಡ."

ತಂಗಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಅದು ನನಗೆ ಕಂಡಿತು.

ಇನ್ನು ಆ ಬೆಳಿಗ್ಗೆ. ನಮ್ಮ ಮನೆಯಲ್ಲಿ ಮಡಿಯ ರೇಷ್ಮೆ ಸೀರೆಗೆ ಸೋಪು ತೋರಿಸುವುದಿಲ್ಲ. ದೀಪದ ಎಣ್ಣೆ ಬಿದ್ದರೆ ಪೆಟ್ರೋಲಿನಲ್ಲಿ ಅದ್ದಿ ಉಜ್ಜುವುದು ಅಮ್ಮನ ಕಾಲದಿಂದ ಬಂದ ರೂಢಿ. ತಾರಸಿಯ ಮೇಲೆ ತಂಗಿ ಪ್ಲಾಸ್ಟಿಕ್ ಟಬ್ಬಿನ ಪೆಟ್ರೋಲಿನಲ್ಲಿ ಅಮ್ಮನ ಸೀರೆ ಅದ್ದಿಕೊಂಡು ಉಜ್ಜುತ್ತಿದ್ದಳು. ನೈಲಾನ್ ನೈಟಿ, ರಬ್ಬರ್ ಚಪ್ಪಲಿ. ಶಿವರಾತ್ರಿಗೆ ಮುಂಚಿನ ಒಣ ಹವೆ. ಮಗಳು ಸೀರೆಯ ಒಣ ತುದಿಯನ್ನು ಹಿಡಿದಿದ್ದಳು. ಅವಳ ಮುಂಗುರುಳು ನೆಟ್ಟಗೆ ಸೀರೆಯ ಕಡೆಗೆ ಎದ್ದು ನಿಂತಿತ್ತು. ತಂಗಿಯ ಪಕ್ಕದಲ್ಲೇ ಸ್ಟೀಲ್ ಬಕೆಟ್ಟು.

ನನಗೆ ಎಲ್ಲ ಒಟ್ಟಿಗೆ ಅರ್ಥವಾಯಿತು. ಬಾಯಿಗೆ ಬಂದದ್ದು ಒಂದೇ ಮಾತು: "ಮುಟ್ಟಬೇಡ."

ಮಡಿಯ ಮನೆಯಲ್ಲಿ ಬೆಳೆದವರಿಗೆ ಆ ಮಾತಿಗೆ ಇರುವುದು ಒಂದೇ ಅರ್ಥ. ತಂಗಿ ಮಗಳತ್ತ ಕಣ್ಣು ಮಿಟುಕಿಸಿದಳು.

"ಬಂದ್ಲು ನೋಡು ಮಡಿ ಹೆಂಗಸು. ಏನೇನು ಮುಟ್ಟಬಾರ್ದಮ್ಮ? ಸೀರೆ ಮುಟ್ಟಿ ಆಯ್ತು. ಬಕೆಟ್ಟು? ತಗೋ, ಅದನ್ನೂ ಮುಟ್ಟಿದೆ."

ಅಣಕಿಸುತ್ತಲೇ ಬೆರಳು ಚಾಚಿದಳು. ಬೆರಳು ಬಕೆಟ್ಟಿಗೆ ತಗುಲುವ ಮುಂಚೆಯೇ ಚಟ್ ಎಂದಿತು. ಆಮೇಲೆ ಟಬ್ಬಿನ ತುಂಬ ಬೆಂಕಿ. ತಂಗಿ ಮೊದಲು ಮಾಡಿದ್ದು ಮಗಳನ್ನು ಎಡಗೈಯಿಂದ ಆಚೆ ತಳ್ಳಿದ್ದು. ಬಲಗೈ ಮೊಣಕೈವರೆಗೆ ಉರಿಯುತ್ತಿತ್ತು. ಒಣಹಾಕಿದ್ದ ಹಸಿ ಜಮಖಾನವನ್ನು ಹಗ್ಗದಿಂದ ಕಿತ್ತು ಅವಳ ಕೈಗೆ ಸುತ್ತಿ, ಅವಳನ್ನು ನಲ್ಲಿಯ ಹತ್ತಿರ ಎಳೆದೆ. ಟಬ್ಬು ಕರಗುತ್ತ ತಾನಾಗಿ ಉರಿದು ಮುಗಿಯಿತು.

ಮಗಳು ಚೀರುತ್ತ ಓಡಿ ಬಂದಳು. ನಾನು ತೋಳು ಚಾಚಿದೆ. ಅವಳು ಪಕ್ಕದಿಂದ ಹಾದು ಹೋಗಿ ಚಿಕ್ಕಮ್ಮನ ಸೊಂಟ ತಬ್ಬಿಕೊಂಡಳು. ಬೆಂಕಿಗಿಂತ ಹೆಚ್ಚಾಗಿ ಕಣ್ಣ ಮುಂದೆ ಬರುವುದು ನನ್ನ ಆ ಖಾಲಿ ತೋಳು.

ಪಕ್ಕದ ಮನೆಯ ಅಜ್ಜಿ ಮೇಲೆ ಬಂದು ನೋಡಿ, "ಕಡ್ಡಿ ಗೀರ್ದೋರ್ ಯಾರವ್ವ?" ಎಂದರು.

"ಯಾರೂ ಗೀರಿಲ್ಲ ಅಜ್ಜಿ."

"ಗೀರ್ದೆ ಎಂಗವ್ವ ಅತ್ಕತ್ತು? ನಂಗೇ ಕತೆ ಯೋಳ್ತೀಯಾ?"

ಆಸ್ಪತ್ರೆಯಲ್ಲೂ ಅದನ್ನೇ ಕೇಳಿದರು. ಉಜ್ಜಿ ಉಜ್ಜಿ ಅವಳ ಮೈಯಲ್ಲಿ ವಿದ್ಯುತ್ತು ಕೂಡಿತ್ತು, ಬೆರಳು ಹತ್ತಿರ ಹೋದಂತೆ ಬಕೆಟ್ಟಿನ ವಿರುದ್ಧ ವಿದ್ಯುತ್ತು ಆ ಬದಿಗೆ ಬಂದು ನಿಂತಿತ್ತು, ನಡುವಿನ ಕೂದಲೆಳೆಯಷ್ಟು ಗಾಳಿಯಲ್ಲಿ ಕಿಡಿ ಹಾರಿತು ಎಂದೆ. ನರ್ಸ್ ತಲೆಯಾಡಿಸಿ "ಸ್ಟೌ" ಎಂದು ಬರೆದುಕೊಂಡರು. "ಮುಟ್ಟಬೇಡ" ಎನ್ನುವ ಬದಲು "ಬೆಂಕಿ" ಎಂದಿದ್ದರೆ ನಿಲ್ಲುತ್ತಿದ್ದಳೇನೋ ಎಂದು ಈಗಲೂ ಪಾತ್ರೆ ತೊಳೆಯುತ್ತ ಒಂದೊಂದು ಸಲ ಆ ಮಾತನ್ನು ಬಾಯಿಬಿಟ್ಟೇ ಹೇಳಿ ನೋಡುತ್ತೇನೆ.

ಮಗಳು ಚಿಕ್ಕಮ್ಮನನ್ನು ಬಿಟ್ಟು ಬರಲು ಒಪ್ಪಲಿಲ್ಲ. ಹಾಗಾಗಿ ತಂಗಿಯನ್ನೇ ತಿ. ನರಸೀಪುರಕ್ಕೆ ಕರೆತಂದೆ. ಇಬ್ಬರೂ ನಿದ್ದೆಯಲ್ಲಿ ಬೆಚ್ಚುತ್ತಿದ್ದರು. ಮಗಳು ಎದ್ದು ಕರೆಯುತ್ತಿದ್ದುದು "ಚಿಕ್ಕಮ್ಮಾ" ಎಂದು. ನಾನು ನೀರು ಕೊಡುತ್ತಿದ್ದೆ, ಅವಳು ಚಿಕ್ಕಮ್ಮನ ಕೈಗೆ ಕಟ್ಟಿದ ಬ್ಯಾಂಡೇಜನ್ನು ಊದುತ್ತಿದ್ದಳು. ಆ ಸುಟ್ಟ ಕೈಯ ಮೇಲೂ ನನಗೆ ಹೊಟ್ಟೆಕಿಚ್ಚು.

"ಅಕ್ಕಾ, ನಾನು ಊರಿಗೆ ಹೋಗ್ಲಾ?" ಎಂದು ಒಂದು ದಿನ ತಂಗಿ ಕೇಳಿದಳು. "ಪುಟ್ಟಿ ನನ್ನ ಹತ್ರ ಬಂದಾಗೆಲ್ಲ ನಿನ್ನ ಮುಖ ನೋಡಕ್ಕಾಗಲ್ಲ."

"ಕೈ ವಾಸಿಯಾಗ್ಲಿ, ಸುಮ್ನಿರು" ಎಂದೆ. ಹೋಗು ಎನ್ನಲು ಬಾಯಿ ಬರಲಿಲ್ಲ. ಹೋದರೆ ಮಗಳೂ ಹಿಂದೆಯೇ ಹೋಗುತ್ತಾಳೆ.

ಯುಗಾದಿಯ ಮಾರನೆಯ ಬೆಳಿಗ್ಗೆ ಹಾಲಿನವನು ಬಾಗಿಲು ಬಡಿದಾಗ ಎಚ್ಚರವಾಯಿತು. ಬೆಳಕಾಗಿತ್ತು. ರಾತ್ರಿಯೆಲ್ಲ ಯಾರೂ ಎದ್ದಿರಲಿಲ್ಲ, ನಾನೂ ಎದ್ದಿರಲಿಲ್ಲ. ಮಗಳು ನನಗೆ ಬೆನ್ನು ಮಾಡಿ, ಚಿಕ್ಕಮ್ಮನ ಹೊಟ್ಟೆಯ ಮೇಲೆ ಕಾಲು ಹಾಕಿ ಗೊರಕೆ ಹೊಡೆಯುತ್ತಿದ್ದಳು. ಅವಳನ್ನು ನನ್ನ ಕಡೆ ತಿರುಗಿಸಿಕೊಳ್ಳಲು ಕೈ ಹೋಯಿತು. ಎಚ್ಚರವಾದೀತೆಂದು ಹಿಂದೆ ತೆಗೆದು, ಇಬ್ಬರಿಗೂ ಹೊದಿಕೆ ಸರಿಮಾಡಿ ಹಾಲು ತರಲು ಎದ್ದೆ.