ಹೆಣ್ಣು ನೋಡುವ ಮನೆಯಲ್ಲಿ ಗಣಿತದ ಮಾಸ್ತರು

ವಾರಕ್ಕೊಮ್ಮೆ ಪತ್ರಿಕೆಯಲ್ಲಿ ಓದುಗರ ಒಗಟು, ಲೆಕ್ಕ, ಸಂದೇಹಗಳಿಗೆ ಉತ್ತರ ಬರೆಯುತ್ತೇನೆ. ಹಿಂದೊಮ್ಮೆ ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ನನಗೆ ಬಂದ ಅಂಕವನ್ನು ಸಂಪಾದಕರು ಅಂಕಣದ ನೆತ್ತಿಯ ಮೇಲೆಯೇ ಅಚ್ಚು ಹಾಕಿಸಿದರು. ಅಂದಿನಿಂದ ಕಲಬುರಗಿಯಲ್ಲಿ ನಾನು ಬದನೆಕಾಯಿ ಆರಿಸಿದರೂ ಜನ ಅದರಲ್ಲೇನೋ ಯುಕ್ತಿ ಹುಡುಕುತ್ತಾರೆ.

ನನ್ನನ್ನು ಅತ್ತೆ ಎನ್ನುವ ಅಣ್ಣನ ಮಗನಿಗೆ ಕಮಲಾಪುರದ ಹುಡುಗಿಯೊಬ್ಬಳು ಇಷ್ಟವಾಗಿದ್ದಳು. ಇಬ್ಬರಿಗೂ ನಗರದ ಒಂದೇ ಬ್ಯಾಂಕಿನಲ್ಲಿ ಕೆಲಸ. ಹಿರಿಯರು ಹೋಗಿ ನೋಡಿ ಬರುವುದೊಂದೇ ಬಾಕಿ. ಆದರೆ ಹುಡುಗಿಯ ತಾಯಿಗೆ ನನ್ನದೇ ಅಂಜಿಕೆ ಎಂದು ಸುದ್ದಿ ಬಂತು. ಹೊರಡುವಾಗ ಅಣ್ಣನ ಹೆಂಡತಿ, ನನ್ನ ವೈನಿ, ಹೇಳಿದರು: “ಅಲ್ಲಿ ನೀ ಬಾಯಿ ಬಿಡಬ್ಯಾಡ. ಈ ಹುಡುಗಿ ಕೈ ತಪ್ಪಿದ್ರ ನನ್ನ ಮಗ ಲಗ್ನನೇ ಒಲ್ಲೆ ಅಂತ ಕುಂಡ್ರತಾನ.”

ಒಪ್ಪಿದೆ. ಕಮಲಾಪುರದ ಆ ಮನೆಯಲ್ಲಿ ಹುಡುಗಿಯ ಪಕ್ಕ ನಿವೃತ್ತ ಗಣಿತದ ಮಾಸ್ತರರೊಬ್ಬರನ್ನು ಕೂರಿಸಿದ್ದರು. ಸಂಬಂಧಿಕರಲ್ಲ. ನಾನು ಅಡ್ಡಪ್ರಶ್ನೆ ಕೇಳಿದರೆ ಹುಡುಗಿಗೆ ಆಸರೆ ಇರಲಿ ಎಂದು ಕರೆಸಿದ್ದು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪೆನ್ನು ಬಿಚ್ಚಿಕೊಂಡು ಅವರು ಸಿದ್ಧರಾಗಿದ್ದರು.

ನಾನು ಸುಮ್ಮನೆ ಮಂಡಕ್ಕಿಯ ಸುಸಲಾ ತಿಂದೆ. ನಮ್ಮ ಕಡೆ ಹೆಣ್ಣು ನೋಡಲು ಬಂದ ಹಿರಿಯರು ಏನೂ ಕೇಳದೆ ತಟ್ಟೆ ಕೆಳಗಿಟ್ಟರೆ ಅದಕ್ಕೆ ಒಂದೇ ಅರ್ಥ: ಮನಸ್ಸಿಗೆ ಬಂದಿಲ್ಲ. ಇದು ನನಗೆ ಹೊಳೆದದ್ದು ತಟ್ಟೆ ಇಟ್ಟ ಮೇಲೆ. ಹುಡುಗಿಯ ತಾಯಿಯ ಮುಖ ಇಳಿದಿತ್ತು. ಅಣ್ಣನ ಮಗ ನನ್ನನ್ನು ನುಂಗುವಂತೆ ನೋಡುತ್ತಿದ್ದ.

ಕೊನೆಗೆ ಹುಡುಗಿಯೇ ಮಾತು ತೆಗೆದಳು. “ಅತ್ತಿಯವ್ರ, ಏನರ ಕೇಳ್ರಿ. ನೀವು ಕೇಳ್ತೀರಂತ ನಿಮ್ಮ ಒಗಟು ಓದಿ ಓದಿ ತಲಿ ನೋಯಾಕತ್ತದ.”

ನಾನು ವೈನಿಯ ಕಡೆ ನೋಡಿದೆ. “ಕೇಳವಾ, ಈಗರ ಕೇಳು,” ಎಂದರು.

“ನಮ್ಮ ಹುಡುಗ ನಿನ್ನ ಮನಸಿಗಿ ಬಂದಾನೇನು?”

ಹುಡುಗಿ ಮಾಸ್ತರರತ್ತ ತಿರುಗಿದಳು. ಅವರು ಪೆನ್ನಿಗೆ ಮುಚ್ಚಳ ಹಾಕಿದರು. “ಇದು ನನ್ನ ಸಬ್ಜೆಕ್ಟ್ ಅಲ್ಲವ್ವ. ನೀನೇ ಬಿಡಿಸು.”

“ಬಂದಾರ್ರಿ,” ಎಂದಳು ಹುಡುಗಿ. “ಆದ್ರ ಲಗ್ನಾದ ಮ್ಯಾಲ ನಿಮ್ಮ ಒಗಟು ನಾ ಓದಂಗಿಲ್ಲ.”

“ನಮ್ಮ ಮನ್ಯಾಗ ಯಾರೂ ಓದಂಗಿಲ್ಲ ತಗೋ,” ಎಂದರು ವೈನಿ.

ಹುಡುಗಿಯ ತಾಯಿ ಮೊದಲ ಬಾರಿಗೆ ನನ್ನನ್ನು ನೇರ ನೋಡಿ ನಕ್ಕರು. ಸಂಬಂಧ ಕೂಡಿತೆಂದು ಎಲ್ಲರ ಬಾಯಿಗೂ ಸಕ್ಕರೆ ಹಾಕಲು ಡಬ್ಬಿ ತರುತ್ತೇನೆಂದು ಎದ್ದು ಒಳಗೆ ಹೋದರು.