ಓನರಮ್ಮನ ಎಂಜಲು ಪರೀಕ್ಷೆ

ಮೊನ್ನೆ ಹೊಸೂರಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಎಲೆಅಡಿಕೆ ಚೀಲ ಬಿಚ್ಚಿದಳು. ಲವಂಗ, ಸುಣ್ಣ, ಕಡ್ಡಿಪುಡಿಯ ಘಾಟು ಮೂಗಿಗೆ ಹೊಡೆದದ್ದೇ ತಡ, ನಮ್ಮ ಓನರಮ್ಮ ನೆನಪಾಗಿ ಒಬ್ಬಳೇ ಕಿಸಕ್ಕನೆ ನಕ್ಕುಬಿಟ್ಟೆ. ಆ ಹೆಂಗಸು ಗಾಬರಿಯಿಂದ ಚೀಲವನ್ನು ಆಚೆ ಸರಿಸಿಕೊಂಡಳು.

ನಾನೀಗ ಮದುವೆಯಾಗಿ ರಾಯಕೋಟೆಯಲ್ಲಿದ್ದೇನೆ. ಅದಕ್ಕೂ ಮುಂಚೆ, ತುಮಕೂರಿನ ಕಡೆಯಿಂದ ಫ್ಯಾಕ್ಟರಿ ಕೆಲಸಕ್ಕೆಂದು ಹೊಸೂರಿಗೆ ಬಂದಾಗ, ಮಹಡಿ ಮೇಲಿನ ರೂಮು ಬಾಡಿಗೆಗೆ ಕೊಟ್ಟವರು ಅವರು. ಕೋಪ ಬಂದರೆ ತಮಿಳು, ಚೌಕಾಸಿಗೆ ತೆಲುಗು, ಮಿಕ್ಕದ್ದಕ್ಕೆಲ್ಲ ಕನ್ನಡ. ಅವರ ಬಾಯಿ ಖಾಲಿ ಇದ್ದದ್ದನ್ನು ನಾನಂತೂ ಕಂಡವಳಲ್ಲ. ಬೈಯುವಾಗಲೂ ಎಲೆಅಡಿಕೆಯನ್ನು ಒಂದು ಕೆನ್ನೆಗೆ ಒತ್ತರಿಸಿಕೊಂಡೇ ಬೈಯುತ್ತಿದ್ದರು. ಗಂಡ ಅವರಿಗೆ ಸೋದರಮಾವ, ಹೆತ್ತ ತಾಯಿಯ ಸ್ವಂತ ತಮ್ಮ. ತಲೆ ನರೆತರೂ ‘ಮಾವ’ ಎಂದೇ ಕರೆಯುತ್ತಿದ್ದರು. ಮಕ್ಕಳಿರಲಿಲ್ಲ.

ಆ ತಾಯಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಿದ್ದರಂತೆ. ತಾಯಿ ಹೋದ ವಯಸ್ಸು ತನಗೂ ಹತ್ತಿರವಾದಂತೆ ಓನರಮ್ಮನಿಗೆ ಒಳಗೊಳಗೇ ದಿಗಿಲು. ಒಂದು ಭಾನುವಾರ ಫೋನು ಹಿಡಿದು ಮೇಲೆ ಬಂದರು.

“ಎಂಜ್ಲು ಕಳ್ಸುದ್ರೆ ಮುಂದೆ ಏನ್ ಕಾಯ್ಲೆ ಬತ್ತದೆ ಅಂತ ಹೇಳ್ತಾರಂತೆ ಕಣಮ್ಮ. ನಮ್ಮಮ್ಮಂಗೆ ಬಂದಿದ್ದು ನಂಗೂ ಬತ್ತದಾ ಅಂತ ತಿಳ್ಕೋಬೇಕು. ತರ್ಸಿಕೊಡು.”

ಎಂಜಲು ತುಂಬಿ ಕಳಿಸುವ ಡಬ್ಬಿಯನ್ನು ಫೋನಿನಲ್ಲೇ ಆರ್ಡರ್ ಮಾಡಿ ತರಿಸಿಕೊಟ್ಟೆ. ಉಗುಳುವ ಮುಂಚೆ ಅರ್ಧ ಗಂಟೆ ಬಾಯಿಗೆ ಏನೂ ಹಾಕಬಾರದು ಎಂದು ಓದಿ ಹೇಳಿ ಶಿಫ್ಟಿಗೆ ಹೊರಟೆ. ಅರ್ಧ ಗಂಟೆ! ಸಂಜೆ ವಾಪಸು ಬಂದಾಗ ಡಬ್ಬಿ ಕೊರಿಯರಿಗೆ ಹೋಗಿತ್ತು, ಓನರಮ್ಮನ ಬಾಯಿ ಕೆಂಪಗೇ ಇತ್ತು. ನಾನೂ ಹೆಚ್ಚು ಕೇಳಲಿಲ್ಲ.

ಕೆಲವು ವಾರಗಳಾದ ಮೇಲೆ ನನ್ನ ಫೋನಿಗೆ ರಿಪೋರ್ಟು ಬಂತು. ಸ್ತನ ಕ್ಯಾನ್ಸರಿಗೆ ಸಂಬಂಧಪಟ್ಟ ಜೀನಿನಲ್ಲಿ ದೋಷವಿದೆ, ಜೆನೆಟಿಕ್ ಕೌನ್ಸೆಲರನ್ನು ಕಾಣಿರಿ ಎಂದು ಕೆಂಪಕ್ಷರದಲ್ಲಿತ್ತು. ಕೆಳಗೆ ಹೋಗಿ ಓದಿ ಹೇಳಿದೆ. ಓನರಮ್ಮ ಅವತ್ತೇ ಸಾಯುವ ತಯಾರಿ ಶುರುಮಾಡಿದರು. ಯಜಮಾನರನ್ನು ಒಲೆ ಮುಂದೆ ನಿಲ್ಲಿಸಿ ಸಾರು ಮಾಡುವುದು ಹೇಳಿಕೊಟ್ಟರು. ಉಪ್ಪು ಹೆಚ್ಚಾಯಿತೆಂದು ಇಬ್ಬರೂ ಮಾತು ಬಿಟ್ಟರು. ಕಿವಿಯ ಓಲೆ ಬಿಚ್ಚಿ ನನ್ನ ಕೈಗೆ ತುರುಕಿದರು. ಬೇಡ ಎಂದದ್ದಕ್ಕೆ ತಮಿಳಿನಲ್ಲಿ ಬೈಸಿಕೊಂಡೆ.

ಮೂವರೂ ಬೆಂಗಳೂರಿನ ಆಸ್ಪತ್ರೆಗೆ ಹೋದೆವು. ಕೌನ್ಸೆಲರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಔಷಧಿ ಕೊಡುವವರಲ್ಲ, ಮನೆತನದ ಕಾಯಿಲೆ ಕಸಾಲೆ ಕೇಳಿ, ರಿಪೋರ್ಟಿನ ಅರ್ಥ ಬಿಡಿಸಿ ಹೇಳುವವರು. ಹೆಂಗಸರಿಗೆ ಸೊನ್ನೆ, ಗಂಡಸರಿಗೆ ಚೌಕ ಹಾಕುತ್ತಾ ವಂಶವೃಕ್ಷ ಬರೆಯತೊಡಗಿದರು.

“ನಿಮ್ಮ ಅತ್ತೆ?”

“ನಮ್ಮಜ್ಜಿ.”

“ಅಜ್ಜಿ ಅಲ್ಲಮ್ಮ, ಅತ್ತೆ.”

“ಅದೇ ಕಣಮ್ಮ! ನಮ್ಮಜ್ಜೀನೇ ನಮ್ಮತ್ತೆ. ನಮ್ಮಮ್ಮ ನಂಗೆ ನಾದ್ನೀನೂ ಆಗ್ಬೇಕು.”

ಪಾಪ, ಆಕೆ ರಬ್ಬರು ಹುಡುಕಿದರು. ಒರೆಸಿ ಮತ್ತೆ ಬರೆದರು. ಆಮೇಲೆ ರಿಪೋರ್ಟಿನ ಪುಟ ತಿರುವಿ, “ಈ ಎಂಜಲು ಗಂಡಸಿನದು ಅಂತ ಇದೆಯಲ್ಲ?” ಎಂದರು. ಕೆಂಪಕ್ಷರ ಬಿಟ್ಟು ನಾನು ಬೇರೇನೂ ಓದಿರಲಿಲ್ಲ. ಓನರಮ್ಮನ ಕಡೆ ತಿರುಗಿದೆ.

“ಅರ್ಧ ಗಂಟೆ ಬಾಯಿ ಕಟ್ಟಾಕೆ ಆಗ್ಲಿಲ್ಲ. ಅದ್ಕೇ ಮಾವನ ಕೈಲಿ ಉಗುಳ್ಸಿ ಕಳ್ಸುದೆ. ನಮ್ಮಮ್ಮ, ಮಾವ ಒಂದೇ ಹೊಟ್ಟೇಲಿ ಹುಟ್ಟಿದೋರು. ಒಂದೇ ರಕ್ತ ಅಲ್ವಾ, ಯಾರ್ ಉಗುಳುದ್ರೇನು?”

ನನಗೆ ನಗು ತಡೆಯಲಾಗಲಿಲ್ಲ. ಕೌನ್ಸೆಲರ್ ನಗಲಿಲ್ಲ. ಹಾಗಾದರೆ ದೋಷ ಇರುವುದು ಯಜಮಾನರಲ್ಲಿ, ಅಪರೂಪಕ್ಕೆ ಗಂಡಸರಿಗೂ ಈ ಕಾಯಿಲೆ ಬರುತ್ತದೆ ಎಂದು ನಿಧಾನವಾಗಿ ಹೇಳಿ, ಎದೆಯಲ್ಲಿ ಗಂಟೇನಾದರೂ ಇದೆಯೇ ಎಂದು ಅವರನ್ನೇ ಕೇಳಿದರು. ಯಜಮಾನರು ಅಂಗಿಯ ಮೇಲೆ ಕೈಯಿಟ್ಟುಕೊಂಡರು.

“ಹುಣ್ಸೆಬೀಜದಷ್ಟು ಐತೆ. ಮೂಟೆ ಹೊತ್ತಿದ್ದಕ್ಕೆ ಅನ್ಕಂಡಿದ್ದೆ.”

ನನ್ನ ನಗು ಅಲ್ಲೇ ನಿಂತಿತು.

ಡಾಕ್ಟರು ಗಂಟನ್ನು ಸಣ್ಣದಿರುವಾಗಲೇ ತೆಗೆದರು. ಕ್ಯಾನ್ಸರೇ ಆಗಿತ್ತು, ಆದರೆ ಜೀವ ಉಳಿಯಿತು. ಈ ಸಲ ಗಂಡಹೆಂಡಿರಿಬ್ಬರ ರಕ್ತವನ್ನೂ ಆಸ್ಪತ್ರೆಯಲ್ಲೇ ಪರೀಕ್ಷೆ ಮಾಡಿದರು. ಓನರಮ್ಮನಲ್ಲಿ ಆ ದೋಷ ಇರಲಿಲ್ಲ. ಎಲ್ಲ ಹೆಂಗಸರಂತೆ ಆಗಾಗ ತೋರಿಸಿಕೊಂಡರೆ ಸಾಕು ಎಂದರು ಕೌನ್ಸೆಲರ್. ಕುಣಿದಾಡುತ್ತಾರೆ ಅಂದುಕೊಂಡರೆ, ಓನರಮ್ಮ ಗೊಳೋ ಎಂದು ಅತ್ತುಬಿಟ್ಟರು.

“ಅಂಗಾರೆ ನಮ್ಮಮ್ಮಂದು ನನ್ನತ್ರ ಏನೂ ಇಲ್ವಾ?”

ಕೌನ್ಸೆಲರ್ ಎದ್ದು ಬಂದು ಕೈ ಹಿಡಿದುಕೊಂಡರು. “ಅರ್ಧ ನೀವು ಅವರೇ ಕಣಮ್ಮ. ಇದೊಂದು ಮಾತ್ರ ನಿಮಗೆ ಬರಲಿಲ್ಲ.” ಅಲ್ಲಿಗೆ ನಿಲ್ಲಿಸಬಾರದಿತ್ತೇ? “ಆದ್ರೆ ಆ ಎಲೆಅಡಿಕೆ, ಕಡ್ಡಿಪುಡಿ ಬಿಟ್ಟುಬಿಡಿ. ನಿಮಗೆ ಜೀನಿಗಿಂತ ಅದೇ ಅಪಾಯ.” ಅಳು ಗಕ್ಕನೆ ನಿಂತಿತು. ಹೊಸೂರು ಮುಟ್ಟುವವರೆಗೂ ಆ ಹುಡುಗಿಗೆ ತಮಿಳಿನಲ್ಲಿ ಮಂಗಳಾರತಿ.

ಆಮೇಲಿನ ವರ್ಷಗಳಲ್ಲಿ ಯಜಮಾನರನ್ನು ಚೆಕಪ್ಪಿಗೆ ಎಳೆದುಕೊಂಡು ಹೋಗುತ್ತಿದ್ದವರು ಅವರೇ. ಚೆನ್ನಾಗಿದೆ ಎಂದು ಡಾಕ್ಟರು ಹೇಳಿದ ದಿನ ಬೀದಿಗೆಲ್ಲ ಪಾಯಸ. ಎಷ್ಟು ಜಂಬವೋ…

ಕಳೆದ ವರ್ಷ ಓನರಮ್ಮ ತೀರಿಕೊಂಡರು. ಹಾರ್ಟ್ ಅಟ್ಯಾಕ್, ಆಸ್ಪತ್ರೆಗೆ ಒಯ್ಯುವಷ್ಟೂ ಹೊತ್ತು ಸಿಗಲಿಲ್ಲ. ಹಾಳಾದ್ದು, ಅದನ್ನು ಯಾರೂ ಮೊದಲೇ ಹೇಳಲಿಲ್ಲ.

ಮೊನ್ನೆ ಬಸ್ಸಿಳಿದು ಅವರ ಮನೆಗೇ ಹೋದೆ. ಯಜಮಾನರು ಜಗುಲಿಯ ಮೇಲೆ ಕೂತಿದ್ದರು. ಈ ವರ್ಷದ ಚೆಕಪ್ಪಿಗೆ ಒಬ್ಬರೇ ಹೋಗಿ ಬಂದಿದ್ದರಂತೆ. ಏನೆಂದರು ಎಂದು ಕೇಳಿದೆ.

“ಎಲ್ಲಾ ಚೆನ್ನಾಗೈತೆ ಅಂದ್ರು ಕಣಮ್ಮ” ಎಂದು ಬಾಗಿಲ ಕಡೆ ನೋಡಿದರು. “ಮನೆಗೆ ಬಂದು ಯಾರ್ಗೇಳ್ಲಿ?”