ನಿಮ್ಮ ಅಜ್ಜನ ನೀಲಿ ಕೋಟು

ಮಕ್ಕಳೇ, ನಡುಮನೆಯ ಗೋಡೆಯ ಮೇಲೆ ನಿಮ್ಮ ಅಜ್ಜನ ಫೋಟೋ ಇದೆಯಲ್ಲ, ಅದರಲ್ಲಿರುವ ನೀಲಿ ಕೋಟು ಅವರದಲ್ಲ. ಬಿಳಿ ಅಂಗಿ, ಕೆಂಪು ಟೈ ಕೂಡ ಅವರದಲ್ಲ. ಹಿಂದೆ ಕಾಣುವ ಹಸಿರು ಪರದೆಯ ಮುಂದೆ ಅವರು ಯಾವತ್ತೂ ನಿಂತವರಲ್ಲ. ಮುಖ ಮಾತ್ರ ಅವರದು. ಮುಚ್ಚಿಡಬೇಕು ಅಂತ ಮುಚ್ಚಿಟ್ಟಿದ್ದಲ್ಲ. ಯಾರೂ ಕೇಳಲಿಲ್ಲ, ಕೇಳದೆ ಮಾತಾಡುವ ರೂಢಿ ನನಗಿಲ್ಲ. ನಿಮ್ಮಲ್ಲಿ ದೊಡ್ಡವಳಿಗೆ ಈಗ ಎಲ್ಲ ಗೊತ್ತು. ಉಳಿದವರಿಗಾಗಿ ಬರೆಯುತ್ತಿದ್ದೇನೆ.

ಇದು ಶುರುವಾದದ್ದು ದೊಡ್ಡವಳ ಶಾಲೆಯಿಂದ. ಮನೆಯಲ್ಲಿರುವ ಒಂದು ಫೋಟೋ ನೋಡಿ ಕವಿತೆ ಬರೆಯಿರಿ ಎಂದು ಅವಳ ಕನ್ನಡ ಟೀಚರು ಹೇಳಿದ್ದರಂತೆ. ಮೊದಲು ಫೋಟೋದಲ್ಲಿ ಕಾಣುವುದನ್ನು ಬರೆಯಬೇಕು, ಆಮೇಲೆ ಕಾಣದೆ ಇರುವುದನ್ನು ಬರೆಯಬೇಕು. ಅವಳು ಗೋಡೆಯ ಎದುರಿಗೆ ಚಾಪೆ ಹಾಸಿಕೊಂಡು ಕೂತಳು. ಪೆನ್ನಿನ ತುದಿ ಕಚ್ಚುತ್ತ ಅಜ್ಜನನ್ನೇ ನೋಡಿದಳು. ನಾನು ಪಕ್ಕದಲ್ಲೇ ಅಕ್ಕಿ ಆರಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಎದ್ದು ನಿಂತು ಓದಿದಳು:

ನೀಲಿ ಕೋಟಿನ ನನ್ನ ಅಜ್ಜ
ನೆಟ್ಟಗೆ ನಿಂತ ಮರದ ಹಾಗೆ
ಮೋಡದ ಆಚೆ ನೋಡುವ ಕಣ್ಣು
ದೊಡ್ಡ ಕನಸು ಕಂಡ ಹಾಗೆ

"ಹೆಂಗೈತಿ ಅಜ್ಜಿ?"

"ಚೆಂದ ಐತವ್ವ."

"ಬರೇ ಚೆಂದ ಐತೇನು? ಕಣ್ಣಾಗ ನೀರು ಬರ್ಲಿಲ್ಲ?"

"ಅಕ್ಕ್ಯಾಗ ಕಲ್ಲು ಹುಡುಕಾಕತ್ತೀನಿ, ಈಗ ಕಣ್ಣಾಗ ನೀರು ಬಂದ್ರ ಹೆಂಗ?" ಅಂದೆ. ಅವಳು ನಕ್ಕು ಹೋದಳು.

ಕವಿತೆ ಚೆನ್ನಾಗಿಯೇ ಇತ್ತು. ಆದರೆ ಅದರಲ್ಲಿದ್ದ ಮನುಷ್ಯ ನನಗೆ ಗೊತ್ತಿರಲಿಲ್ಲ. ಮಗುವಿನ ತಪ್ಪೇನೂ ಇಲ್ಲ, ಕಂಡದ್ದನ್ನೇ ಬರೆದಿದ್ದಳು. ಮೊರ ಮುಂದಿಟ್ಟುಕೊಂಡು ಕೂತಾಗ ನನಗೇ ಒಂದು ಹೆದರಿಕೆ ಹುಟ್ಟಿತು. ಈಚೆಗೆ ಕೆಲವು ಕಾಲದಿಂದ ಅವರು ನನಗೂ ಕೋಟಿನಲ್ಲೇ ನೆನಪಾಗುತ್ತಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡುವುದು, ತಟ್ಟೆಯ ಮುಂದೆ ಕೂರುವುದು, ಎಲ್ಲ ಅವರೇ, ಆದರೆ ಮೈಮೇಲೆ ಕೋಟು. ಕನಸಿನಲ್ಲಿ ಕೂಡ ಕೋಟು ಹಾಕಿಕೊಂಡೇ ನೀರು ಕೇಳುತ್ತಿದ್ದರು. ದಿನಾ ಎದ್ದ ಕೂಡಲೇ ನೋಡುವ ಫೋಟೋ ನನ್ನೊಳಗಿದ್ದ ಮನುಷ್ಯನನ್ನು ಸ್ವಲ್ಪ ಸ್ವಲ್ಪವೇ ಒರೆಸಿಹಾಕಿತ್ತು.

ನಿಮ್ಮ ಅಜ್ಜ ಕೊಟ್ಟೂರಿನ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದರು. ಶೇಂಗಾ, ಮೆಕ್ಕೆಜೋಳದ ಚೀಲ ಲಾರಿಗೆ ಏರಿಸುವ ಕೆಲಸ. ಮೀಸೆ ಪೂರ್ತಿ ಬರುವ ಮೊದಲೇ ಚೀಲ ಹೊರಲು ಹೋದವರು. ಚೀಲ ಯಾವಾಗಲೂ ಬಲ ಭುಜದ ಮೇಲೆ ಕೂರುತ್ತಿದ್ದರಿಂದ ಆ ಭುಜ ಇಳಿದುಬಿಟ್ಟಿತ್ತು. ತಲೆ ಎಡಕ್ಕೆ ವಾಲಿತ್ತು. ಚೀಲ ಇಲ್ಲದಾಗಲೂ ಹಾಗೇ ನಡೆಯುತ್ತಿದ್ದರು, ಹಾಗೇ ಉಣ್ಣುತ್ತಿದ್ದರು. ಕತ್ತಿನ ಹಿಂದೆ ಚರ್ಮ ದಪ್ಪಗಾಗಿ ಒಂದು ಗಂಟು ಕಟ್ಟಿತ್ತು. ಸಂಜೆ ಹೊಸ್ತಿಲ ಹೊರಗೆ ನಿಂತು ಟವೆಲ್ಲು ಝಾಡಿಸಿದರೆ ಶೇಂಗಾ ಸಿಪ್ಪೆಯ ಧೂಳು ಹಾರುತ್ತಿತ್ತು. ನನಗೆ ಆ ಧೂಳಿಗೆ ಸೀನು ಬರುತ್ತಿತ್ತು. "ನಾ ಬಂದೀನಂತ ಹೇಳೂದ ಬ್ಯಾಡ, ನೀನ ಸೀನಿ ಊರಿಗೆಲ್ಲ ಹೇಳ್ತಿ" ಅನ್ನುತ್ತಿದ್ದರು.

ನಿಮ್ಮ ಅಪ್ಪನ ಮದುವೆಗೆ ಮೊದಲೇ ಹೋದರು. ಎದೆ ನೋವು ಅಂದರು, ಗಾಡಿ ಬರುವುದರೊಳಗೆ ಮುಗಿದಿತ್ತು. ತಿಥಿಯ ಕಾರ್ಯಕ್ಕೆ ಹಾರ ಹಾಕಲು ಫೋಟೋ ಬೇಕಲ್ಲ. ಮನೆಯಲ್ಲಿ ಒಂದೂ ಇರಲಿಲ್ಲ. ವೋಟಿನ ಕಾರ್ಡಿನಲ್ಲಿದ್ದ ಮುಖ ಎಷ್ಟು ಕಪ್ಪಗಿತ್ತೆಂದರೆ ಅದು ಯಾರ ಅಜ್ಜನಾದರೂ ಆಗಬಹುದಿತ್ತು. ಆಗ ನನ್ನ ಮೈದುನನಿಗೆ ನೆನಪಾಯಿತು. ನಿಮ್ಮ ಅಜ್ಜನ ತಂಗಿಯನ್ನು ಗುಡೇಕೋಟೆಗೆ ಕೊಟ್ಟಿದ್ದೆವು, ಅವಳ ಮದುವೆಯಲ್ಲಿ ತೆಗೆಸಿದ ಗುಂಪಿನ ಫೋಟೋದಲ್ಲಿ ಅಣ್ಣ ಇದ್ದಾನೆ ಅಂತ. ಹೋಗಿ ಆ ಫೋಟೋ ತಂದು ಸ್ಟುಡಿಯೋಕ್ಕೆ ಕೊಟ್ಟ, ಕೆಲಸ ಮುಗಿದ ಮೇಲೆ ಗುಡೇಕೋಟೆಗೆ ವಾಪಸ್ ಮುಟ್ಟಿಸಿದ. ಮುಖ ಒಂದನ್ನೇ ತೆಗೆದು, ಕಂಪ್ಯೂಟರಿನಲ್ಲಿ ಮೊದಲೇ ಸಿದ್ಧ ಇರುವ ಕೋಟಿಗೆ ಕೂಡಿಸಿ ದೊಡ್ಡದು ಮಾಡಿಕೊಡುತ್ತಾರೆ. ನಮ್ಮ ಕಡೆ ಫೋಟೋ ಇಲ್ಲದೆ ಸತ್ತ ಎಷ್ಟೋ ಗಂಡಸರು ಹೀಗೆ ಕೋಟು ಹಾಕಿಕೊಂಡೇ ಗೋಡೆ ಏರಿದ್ದಾರೆ. ಬೇಕಾದರೆ ಓಣಿಯ ನಾಕು ಮನೆ ನೋಡಿ ಬನ್ನಿ.

ಮೈದುನ ಬಂದು ಹೇಳಿದ: "ಕರಿದು, ನೀಲಿದು, ಬೂದಿ ಬಣ್ಣದ್ದು, ಎಲ್ಲಾ ತೋರ್ಸಿದ ಅತ್ತಿಗೆಮ್ಮ. ನಾ ನೀಲಿದ ಹಾಕಂದೆ. ತಲಿ ಸೊಟ್ಟ ಐತಲ್ರಿ ಅಂದ. ನೆಟ್ಟಗ ಮಾಡಪ್ಪ ಅಂದೆ. ನಮ್ಮಣ್ಣ ಜೀವ ಇದ್ದಾಗ ಒಂದು ಚೊಲೋ ಅಂಗಿ ತೊಡಲಿಲ್ಲ. ಈಗರ ತೊಡ್ಲಿ." ಅವನು ಪ್ರೀತಿಯಿಂದ ಮಾಡಿಸಿದ್ದು. ಮೂಲೆಯಲ್ಲಿ ಕೂತು ತಲೆಯಾಡಿಸಿದೆ.

ಕಾರ್ಯದ ದಿನ ಅವರ ಜೊತೆಯ ಹಮಾಲರು ಬಂದರು. ಫೋಟೋದ ಮುಂದೆ ಕೈಮುಗಿದು ನಿಂತವರಲ್ಲಿ ಒಬ್ಬ ಪಕ್ಕದವನ ಕಿವಿಯಲ್ಲಿ, "ಇವನ್ಯಾರಲೇ?" ಅಂದದ್ದು ನನಗೆ ಕೇಳಿಸಿತು.

"ನಮ್ಮವನ ಅದಾನ, ಸುಮ್ಕಿರಲೇ."

"ಈಗ ಚೀಲ ಹೊರು ಬಾ ಅಂದ್ರ ಹೊರ್ತಾನೇನಲೇ ಈ ಸಾಹೇಬ?" ಅಂದ ಮೊದಲಿನವನು. ನಗಲು ಹೋಗಿ, ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಹೊರಗೆ ಹೋಗಿಬಿಟ್ಟ. ಅವತ್ತು ನಿಮ್ಮ ಅಜ್ಜನ ಗುರುತು ಕೇಳಿದವನು ಅವನೊಬ್ಬನೇ.

ಅಕ್ಕಿ ಆರಿಸಿದ ಮರುದಿನ ನಾನು ದೊಡ್ಡವಳನ್ನು ಕರೆದು, "ಕೋಟು ಅಜ್ಜನ್ದಲ್ಲವ್ವ" ಅಂದೆ. ಬರೆದ ಕವಿತೆ ಹಾಳಾಯಿತೆಂದು ಸಿಟ್ಟಾಗಬಹುದು ಅಂದುಕೊಂಡಿದ್ದೆ. ಅವಳು ಫೋಟೋದ ಹತ್ತಿರ ಹೋಗಿ ಕತ್ತಿನ ಹತ್ತಿರ ಬೆರಳಿಟ್ಟು ನೋಡಿದಳು.

"ಹೌದಲ್ಲ ಅಜ್ಜಿ! ಇಲ್ಲಿ ಗೆರಿ ಕಾಣ್ತೈತಿ. ಮತ್ತ ಅಸಲಿ ಫೋಟೋ ಎಲ್ಲೈತಿ?"

"ಗುಡೇಕೋಟ್ಯಾಗ, ನಿಮ್ಮ ಅಪ್ಪನ ಸೋದರತ್ತಿ ಮನ್ಯಾಗ."

"ಐತವಾರ ಹೋಗೂಣು. ಮೊಬೈಲಿನ್ಯಾಗ ತಕ್ಕೊಂಡು ಬರ್ತೀನಿ. ದೊಡ್ಡದು ಮಾಡ್ಸಿ ಇದರ ಬಾಜೂಕ ಹಾಕೂಣು."

ನನಗೆ ಅವತ್ತಿನಿಂದ ಭಾನುವಾರದ ತನಕ ಬೇರೆ ಯಾವ ಯೋಚನೆಯೂ ಬರಲಿಲ್ಲ. ಕೂಡ್ಲಿಗಿಯಲ್ಲಿ ಬಸ್ಸು ಬದಲಿಸಿದೆವು. ಗುಡೇಕೋಟೆಯ ಕಲ್ಲುಗುಡ್ಡಗಳು ಕಾಣತೊಡಗಿದಾಗ ನನ್ನ ಎದೆ ಹೊಸ ಮದುಮಗಳ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು ಅಂದರೆ ನೀವು ನಗುತ್ತೀರಿ. ನಗಿರಿ. ಅವರ ಮುಖವನ್ನು ಅವರದೇ ಭುಜದ ಮೇಲೆ ನೋಡಿ ವರ್ಷಗಳಾಗಿದ್ದವು.

ನಾದಿನಿ ಕಟ್ಟೆಯ ಮೇಲೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು.

"ಯವ್ವ, ನಮ್ಮ ಅತ್ತಿಗಿ! ದಾರಿ ತಪ್ಪಿ ಬಂದಿಯೇನು? ಕರದ್ರ ಬರಾಕಿ ಅಲ್ಲ, ಕರಿಲಾರದ ಬಂದಿ!"

"ನಿನ್ನ ನೋಡಾಕ ಬಂದಿಲ್ಲ ತಗಿ, ನಿಮ್ಮಣ್ಣನ್ನ ನೋಡಾಕ ಬಂದೀನಿ" ಅಂದೆ. ನನ್ನ ಬಾಯಿಂದ ಅಂಥ ಮಾತು ಬಂದದ್ದಕ್ಕೆ ನನಗೇ ನಾಚಿಕೆಯಾಯಿತು. ಅವಳು ಹುಣಸೆಹಣ್ಣಿನ ಕೈ ಸೆರಗಿಗೆ ಒರೆಸಿಕೊಂಡು ಎದ್ದಳು.

ಆಲ್ಬಮ್ಮನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಜೋಪಾನವಾಗಿ ಇಟ್ಟಿದ್ದಳು. ಒಂದು ಮಳೆಗೆ ಅಟ್ಟ ಸೋರಿತ್ತಂತೆ. ಹಳೆಯ ಆಲ್ಬಮ್ಮುಗಳಲ್ಲಿ ಫೋಟೋದ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಇರುತ್ತಿತ್ತಲ್ಲ, ಅದು ಒದ್ದೆಯಾಗಿ, ಒಣಗಿ, ಹಾಲಿನ ಬಣ್ಣಕ್ಕೆ ತಿರುಗಿತ್ತು. ಅದರಡಿಯಲ್ಲಿ ಮಂಜಿನಲ್ಲಿ ನಿಂತವರ ಹಾಗೆ ಎಲ್ಲರೂ ಕಂಡರು. ನಡುವೆ ಮದುಮಕ್ಕಳು. ಕೊನೆಯಲ್ಲಿ, ಹೆಗಲ ಮೇಲೆ ಟವೆಲ್ಲು, ಇಳಿದ ಭುಜ, ವಾಲಿದ ತಲೆ. ಅವರೇ. ಮುಖ ಮಸುಕಾಗಿತ್ತು, ಆದರೆ ಇತ್ತು. ನಗು ಅರ್ಧ ಶುರುವಾಗಿ ನಿಂತಿತ್ತು. ನಾನು ಕಣ್ಣಿನ ಹತ್ತಿರ ಹಿಡಿದುಕೊಂಡು ನೋಡಿದೆ.

ದೊಡ್ಡವಳು ಮೊಬೈಲು ಹಿಡಿದಳು. "ಪ್ಲಾಸ್ಟಿಕ್ ಹೊಳಿತೈತಿ, ಏನೂ ಬರವಲ್ದು" ಅಂದಳು.

"ತಡಿ, ತಗದ ಕೊಡ್ತೀನಿ" ಅಂದಳು ನಾದಿನಿ.

"ಬ್ಯಾಡ ತಡೀರಿ, ಅಂಟಿರತೈತಿ…" ಮಗು ಅನ್ನುವುದರೊಳಗೆ ನಾದಿನಿ ಹಾಳೆಯ ತುದಿ ಹಿಡಿದು ಎತ್ತಿಬಿಟ್ಟಿದ್ದಳು. ಅಣ್ಣನನ್ನು ನಮಗೆ ಚೆನ್ನಾಗಿ ತೋರಿಸಬೇಕು ಅನ್ನುವ ಆತುರ ಅವಳಿಗೆ. ಚರ್ರೆಂದು ಸದ್ದಾಯಿತು. ಹಾಳೆಯ ಜೊತೆ ಫೋಟೋದ ಮೇಲ್ಪದರವೂ ಎದ್ದುಬಂತು. ಮದುಮಕ್ಕಳು ಉಳಿದರು. ನಿಮ್ಮ ಅಜ್ಜನ ಟವೆಲ್ಲು ಉಳಿಯಿತು, ಭುಜ ಉಳಿಯಿತು, ಪಂಚೆ ಉಳಿಯಿತು. ಮುಖ ಇದ್ದಲ್ಲಿ ಬಿಳಿ ಕಾಗದ. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದೆವು. ಪುಡಿಪುಡಿಯಾದ ಬಣ್ಣ ಬಿಟ್ಟರೆ ಏನೂ ಇರಲಿಲ್ಲ.

ನಾದಿನಿ ನೆಲಕ್ಕೆ ಕೂತು ಹಣೆ ಬಡಿದುಕೊಂಡಳು. "ನನ್ನ ಕೈ ಸೇದಿಹೋಗ್ಲಿ ಅತ್ತಿಗಿ, ನಮ್ಮಣ್ಣನ್ನ ನಾನ ಕಿತ್ತಿಬಿಟ್ಟೆ" ಅಂತ ಅತ್ತಳು. ನಾನು ಅವಳ ಕೈ ಹಿಡಿದುಕೊಂಡೆ. ಹುಣಸೆಹಣ್ಣಿನ ಅಂಟು ಇನ್ನೂ ಇತ್ತು. ಅವಳನ್ನು ಸಮಾಧಾನ ಮಾಡುವ ಕೆಲಸ ಇದ್ದದ್ದರಿಂದ ಅಲ್ಲಿ ನನಗೆ ಅಳು ಬರಲಿಲ್ಲ.

ಫೋಟೋ ಮಾಡಿಕೊಟ್ಟಿದ್ದ ಸ್ಟುಡಿಯೋ ಈಗ ಬೇಕರಿಯಾಗಿದೆ. ಆ ಕಂಪ್ಯೂಟರು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಹೀಗಾಗಿ ನಿಮ್ಮ ಅಜ್ಜ ಈಗ ಎರಡು ಊರಿನಲ್ಲಿದ್ದಾರೆ. ಮುಖ ಕೊಟ್ಟೂರಿನಲ್ಲಿ, ಯಾರದೋ ಕೋಟಿನ ಮೇಲೆ. ಭುಜ ಗುಡೇಕೋಟೆಯಲ್ಲಿ, ಮುಖವಿಲ್ಲದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ದೊಡ್ಡವಳು ನನಗೆ ಕಿಟಕಿಯ ಸೀಟು ಬಿಟ್ಟು ಪಕ್ಕದಲ್ಲಿ ಕೂತಳು. ಆಮೇಲೆ ಕೇಳಿದಳು: "ಫೋಟೋ ತಗಿವಾಗ ನೀ ಎಲ್ಲಿದ್ದಿ ಅಜ್ಜಿ? ಅದ್ರಾಗ ನೀ ಇಲ್ಲಲ್ಲ."

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವಳಿಗೆ ಬಸ್ಸಿನ ಸದ್ದಿನಲ್ಲಿ ಹೇಳಿದೆ, ನಿಮಗೆ ಇಲ್ಲಿ ಹೇಳುತ್ತೇನೆ. ಮದುವೆ ಮನೆಯ ಅಂಗಳದಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದರು. ಫೋಟೋ ತೆಗೆಯುವವನು, "ಕಡೀಗೆ ನಿಂತೋರು, ತಲಿ ನೆಟ್ಟಗ ಮಾಡ್ರಿ" ಅಂದ. ಇವರು, "ಅದು ನೆಟ್ಟಗಾಗಂಗಿಲ್ಲ ತಗೀರಿ. ಚೀಲ ಇಳಿಸಿ ಬಂದೀನಿ, ತಲಿಗೆ ಇನ್ನೂ ಗೊತ್ತಾಗಿಲ್ಲ" ಅಂದರು. ಎಲ್ಲರೂ ನಕ್ಕರು. ನಾನು ಸಾಲಿನಿಂದ ಆಚೆ, ಪಡಸಾಲೆಯ ಮೆಟ್ಟಿಲ ಮೇಲೆ ಕೂತು ಊಟದ ಎಲೆ ಒರೆಸುತ್ತಿದ್ದೆ. ಅವರು ನನ್ನ ಕಡೆ ತಿರುಗಿ ಕಣ್ಣಲ್ಲೇ ಬಾ ಅಂದರು. ಅಷ್ಟು ಜನರ ಮುಂದೆ ಗಂಡನ ಪಕ್ಕ ಹೋಗಿ ನಿಲ್ಲುವುದು ನನ್ನ ಕೈಲಿ ಆಗಲಿಲ್ಲ. ತಲೆ ತಗ್ಗಿಸಿ ಎಲೆ ಒರೆಸಿದೆ. ಅವರು ಇನ್ನೂ ನೋಡುತ್ತಿದ್ದಾಗಲೇ ಕ್ಯಾಮೆರಾ ಕ್ಲಿಕ್ ಎಂದಿತು.

ನಿಮ್ಮ ಅಕ್ಕ ಬರೆದಿದ್ದಳಲ್ಲ, ಮೋಡದ ಆಚೆ ನೋಡುವ ಕಣ್ಣು ಅಂತ. ಅಲ್ಲಿ ಮೋಡ ಇರಲಿಲ್ಲ. ನಾನಿದ್ದೆ, ಕೈಯಲ್ಲಿ ಒದ್ದೆ ಬಟ್ಟೆ ಇತ್ತು. ಸ್ಟುಡಿಯೋದಲ್ಲಿ ತಲೆ ನೆಟ್ಟಗೆ ಮಾಡಿದಾಗ ಕೆಳಗಿದ್ದ ನೋಟ ಮೇಲಕ್ಕೆ ಹೋಯಿತು.

ಇದನ್ನು ಬರಿ ಅಂದರೆ ಅವಳು ಒಪ್ಪಲಿಲ್ಲ. "ನಾ ಬರದ್ರ ಮತ್ತ ಕೋಟ ಬರತೈತಿ ಅಜ್ಜಿ. ಕಾಣಲಾರದ್ದು ನೀ ಕಂಡಿ. ನೀನ ಬರಿ." ಶಾಲೆಗೆ ಮೊದಲಿನ ಕವಿತೆಯನ್ನೇ ಕೊಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿದರಂತೆ, ಅವಳಿಗೆ ಮಾತ್ರ ಸಂತೋಷವಾಗಲಿಲ್ಲವಂತೆ.

ಹಳ್ಳಿ ಶಾಲೆಯಲ್ಲಿ ಏಳನೆಯ ಇಯತ್ತೆಗೆ ಬಿಟ್ಟವಳು ನಾನು. ಕವಿತೆ ನನಗೆ ಬರುವುದಿಲ್ಲ. ಟೀಚರು ಹೇಳಿದ ಹಾಗೆ, ಕಾಣುವುದನ್ನು ಮೊದಲು ಬರೆದೆ, ಕಾಣದ್ದನ್ನು ಆಮೇಲೆ ಬರೆದೆ. ಬರೆದರೆ ಅವರು ಕೋಟು ಕಳಚಿ ಬರುತ್ತಾರೆ ಅಂತ ಆಸೆ ಇತ್ತು. ಪೂರ್ತಿ ಬಂದಿಲ್ಲ. ಟವೆಲ್ಲು ಬಂದಿದೆ, ಧೂಳು ಬಂದಿದೆ, ಕತ್ತಿನ ಗಂಟು ಕೈಗೆ ಸಿಗುತ್ತದೆ. ಆ ಅರ್ಧ ನಗು ಮಾತ್ರ ಬರೆಯಲು ಹೋದಾಗಲೆಲ್ಲ ಹಾಳೆಯ ಜೊತೆ ಎದ್ದುಹೋಗುತ್ತದೆ.

ಒಂದು ಕೆಲಸ ಮಾಡಿದ್ದೇನೆ. ನೀವು ಶಾಲೆಗೆ ಹೋಗಿದ್ದಾಗ ಸ್ಟೂಲು ಇಟ್ಟುಕೊಂಡು ಗೋಡೆಯ ಫೋಟೋವನ್ನು ಮೊಳೆಯ ಮೇಲೆಯೇ ಸ್ವಲ್ಪ ವಾಲಿಸಿದೆ. ತಲೆ ಮೊದಲಿನ ಹಾಗೆ ಬಾಗಿತು. ಕೋಟು ಸೊಟ್ಟಗಾಯಿತು, ಆಗಲಿ. ಈಗ ಆ ನೋಟ ಕೆಳಗೆ, ನಾನು ಅಕ್ಕಿ ಆರಿಸಲು ಕೂರುವ ಜಾಗಕ್ಕೆ ಬೀಳುತ್ತದೆ. ಈ ಸಲ ನಾನು ತಲೆ ತಗ್ಗಿಸುವುದಿಲ್ಲ.

ಮನೆಗೆ ಬಂದವರು ಫೋಟೋ ಸೊಟ್ಟಗಾಗಿದೆ ಎಂದು ಸರಿ ಮಾಡಿ ಹೋಗುತ್ತಾರೆ. ಅವರು ಹೋದ ಮೇಲೆ ನಾನು ಮತ್ತೆ ವಾಲಿಸುತ್ತೇನೆ. ನನ್ನ ಮಂಡಿಗೆ ಈಚೆಗೆ ಸ್ಟೂಲು ಹತ್ತಲು ಕಷ್ಟವಾಗುತ್ತಿದೆ. ನೀವಾದರೂ ಅದನ್ನು ನೆಟ್ಟಗೆ ಮಾಡಬೇಡಿ.